ಬರ್ಬೆರಿನ್, ನೋರ್‌ಎ ಪಂಪ್ ಮತ್ತು ತಾನಾಗಿ ಕೊಲ್ಲದ ಸಂಯುಕ್ತ

ಗಿಡದಲ್ಲಿ ಬ್ಯಾಕ್ಟೀರಿಯಾ ನಿರೋಧಕ ಗುಣ ಇದೆಯೇ ಎಂದು ನೋಡಲು ಕಾಲೇಜು ಪ್ರಾಜೆಕ್ಟುಗಳಲ್ಲಿ ಮಾಡುವುದು ಬಹುತೇಕ ಒಂದೇ ಕೆಲಸ: ಎಲೆಯ ಸಾರ ತೆಗೆದು ಅಗರ್ ತಟ್ಟೆಯ ಗುಳಿಗೆ ಹಾಕುವುದು, ಸುತ್ತ ಬೆಳವಣಿಗೆ ನಿಂತ ವಲಯವನ್ನು ಮಿಲಿಮೀಟರಿನಲ್ಲಿ ಅಳೆಯುವುದು. ಆ ವಲಯವನ್ನು ನಾವು ಅತಿಯಾಗಿ ನಂಬುತ್ತೇವೆ. ಅಗರ್‌ನಲ್ಲಿ ಸರಿಯಾಗಿ ಹರಡದ ಸಂಯುಕ್ತ ಪ್ರಬಲವಾಗಿದ್ದರೂ ವಲಯ ಚಿಕ್ಕದಾಗಿಯೇ ಬರುತ್ತದೆ. ತಾನು ಕೊಲ್ಲದೆ ಇನ್ನೊಂದು ಔಷಧಕ್ಕೆ ದಾರಿ ಬಿಡಿಸಿಕೊಡುವ ಸಂಯುಕ್ತವಾದರೆ ವಲಯವೇ ಇರುವುದಿಲ್ಲ. ಸಸ್ಯಗಳ ವಿಷಯದಲ್ಲಿ ನನಗೆ ಹೆಚ್ಚು ಕುತೂಹಲ ಇರುವುದು ಈ ಎರಡನೆಯ ಗುಂಪಿನ ಬಗ್ಗೆಯೇ.

ಬರ್ಬೆರಿನ್ ಹಳದಿ ಬಣ್ಣದ ಆಲ್ಕಲಾಯ್ಡ್. ಹಿಮಾಲಯದ ದಾರುಹರಿದ್ರದಲ್ಲೂ ಇದೆ, ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಇದೆ. ಅದರ ಅಣುವಿಗೆ ಧನ ವಿದ್ಯುದಾವೇಶ ಇರುವುದರಿಂದ, ಒಳಬದಿ ಋಣಾವೇಶವಿರುವ ಬ್ಯಾಕ್ಟೀರಿಯಾ ಕೋಶದೊಳಕ್ಕೆ ಸೆಳೆಯಲ್ಪಟ್ಟು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕಾಗದದ ಮೇಲೆ ಒಳ್ಳೆಯ ಅಸ್ತ್ರ. ಆದರೆ ಚರ್ಮದ ಸೋಂಕು ಮುಂತಾದವಕ್ಕೆ ಕಾರಣವಾಗುವ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮೇಲೆ ಪ್ರಯೋಗಿಸಿದರೆ ಪರಿಣಾಮ ದುರ್ಬಲ. ಕಾರಣ, ಅದರ ಕೋಶಪೊರೆಯಲ್ಲಿರುವ ನೋರ್‌ಎ ಎಂಬ ಎಫ್ಲಕ್ಸ್ ಪಂಪ್. ಸೋರುವ ದೋಣಿಯಿಂದ ನೀರು ಮೊಗೆದು ಚೆಲ್ಲಿದ ಹಾಗೆ, ಒಳಬಂದ ಬರ್ಬೆರಿನ್ನನ್ನು ಅದು ಹೊರಹಾಕುತ್ತಲೇ ಇರುತ್ತದೆ. ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್‌ಗಳನ್ನು ಹೊರತಳ್ಳುವುದೂ ಇದೇ ಪಂಪ್. ಇಷ್ಟು ಬೇರೆ ಬೇರೆ ಅಣುಗಳನ್ನು ಒಂದೇ ಪಂಪ್ ಎತ್ತಿ ಎಸೆಯುವುದರಿಂದಲೇ ಇದನ್ನು ಬಹುಔಷಧ ನಿರೋಧಕ ಪಂಪ್ ಎನ್ನುವುದು.

ಹಾಗಾದರೆ ಗಿಡ ಇಂಥ ಅಸ್ತ್ರವನ್ನು ಯಾಕೆ ಇಟ್ಟುಕೊಂಡಿದೆ? 2000ರಲ್ಲಿ ಅಮೆರಿಕದ ಫ್ರಾಂಕ್ ಸ್ಟರ್ಮಿಟ್ಸ್, ಕಿಮ್ ಲೂಯಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸದಲ್ಲಿ ಒಂದು ಉತ್ತರ ಸಿಗುತ್ತದೆ. ಬರ್ಬೆರಿಸ್ ಜಾತಿಯ ಗಿಡಗಳಲ್ಲಿ ಬರ್ಬೆರಿನ್ ಜೊತೆಗೇ 5′-ಮೆಥಾಕ್ಸಿಹಿಡ್ನೊಕಾರ್ಪಿನ್ ಎಂಬ ಇನ್ನೊಂದು ಸಂಯುಕ್ತ ಸಿಕ್ಕಿತು. ಅದೊಂದನ್ನೇ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಏನೂ ಆಗಲಿಲ್ಲ. ಬರ್ಬೆರಿನ್ ಜೊತೆ ಹಾಕಿದಾಗ ಪಂಪ್ ಕೆಲಸ ನಿಂತು, ಕೋಶದೊಳಗೆ ಬರ್ಬೆರಿನ್ ತುಂಬಿಕೊಂಡು, ಬೆಳವಣಿಗೆ ನಿಂತಿತು. ಈ ಸಂಯುಕ್ತ ಮೊದಲೇ ವರದಿಯಾಗಿದ್ದು ಕುಷ್ಠರೋಗಕ್ಕೆ ಬಳಸುತ್ತಿದ್ದ ಚಾಲ್ಮೂಗ್ರ ಎಣ್ಣೆಯಲ್ಲಿ, ಅಲ್ಪ ಪ್ರಮಾಣದ ಘಟಕವಾಗಿ. ಆ ಎಣ್ಣೆ ಕೊಡುವ ಮರಗಳಲ್ಲೊಂದು ಪಶ್ಚಿಮ ಘಟ್ಟದ ಗರುಡಫಲ.

ಪಂಪ್ ನಿಂತಿದೆ ಎಂದು ತೋರಿಸುವುದು ಹೇಗೆ? ಎಥಿಡಿಯಮ್ ಬ್ರೋಮೈಡ್ ನೆನಪಿರಲಿ. ಜೆಲ್‌ನಲ್ಲಿ ಡಿಎನ್‌ಎ ನೋಡಲು ಬಳಸುವ ಅದೇ ಬಣ್ಣ ನೋರ್‌ಎಗೂ ಬೇಟೆ. ಡಿಎನ್‌ಎಗೆ ಅಂಟಿದರೆ ಚೆನ್ನಾಗಿ ಹೊಳೆಯುತ್ತದೆ, ಕೋಶದಿಂದ ಆಚೆ ಹೋದರೆ ಹೊಳಪು ಇಳಿಯುತ್ತದೆ. ಬಣ್ಣ ತುಂಬಿಸಿದ ಕೋಶಗಳಲ್ಲಿ ಹೊಳಪು ಸರಸರನೆ ಇಳಿದರೆ ಪಂಪ್ ನಡೆಯುತ್ತಿದೆ. ತಡೆಗಾರ ಸೇರಿಸಿದ ಮೇಲೆ ಇಳಿಯದಿದ್ದರೆ ಪಂಪ್ ಕಟ್ಟಿಹೋಗಿದೆ.

ಲೆಕ್ಕದ ವಿಷಯ. ಎರಡು ಔಷಧ ಕೂಡಿದಾಗ ಎಫ್‌ಐಸಿ ಸೂಚ್ಯಂಕ (ಪ್ರತಿ ಔಷಧ ಜೊತೆಯಲ್ಲಿ ಬೇಕಾದ ಪ್ರಮಾಣವನ್ನು ಒಂಟಿಯಾಗಿ ಬೇಕಾದ ಪ್ರಮಾಣದಿಂದ ಭಾಗಿಸಿ, ಎರಡನ್ನೂ ಕೂಡಿದ ಮೊತ್ತ) 0.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿನರ್ಜಿ, ಅಂದರೆ ಒಂದಕ್ಕೊಂದು ಬಲ ಕೊಡುತ್ತವೆ ಎಂದು ಬರೆಯುತ್ತೇವೆ. ಆ ಸೂತ್ರಕ್ಕೆ ಎರಡಕ್ಕೂ ಪ್ರತ್ಯೇಕ ಎಂಐಸಿ (ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ) ಬೇಕು. ತಾನಾಗಿ ಕೊಲ್ಲದ ಸಂಯುಕ್ತಕ್ಕೆ ಎಂಐಸಿ ಎಲ್ಲಿಂದ ತರುವುದು? ಆಗ ಮುಖ್ಯ ಔಷಧದ ಎಂಐಸಿ ಎಷ್ಟು ಪಟ್ಟು ಇಳಿಯಿತು ಎಂದು ಕೊಡುವುದೇ ಸರಿ. ಉದಾಹರಣೆಗೆ 32ರಿಂದ 4ಕ್ಕೆ ಬಂದರೆ 8 ಪಟ್ಟು. 2 ಪಟ್ಟು ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ದುಪ್ಪಟ್ಟು ದುರ್ಬಲಗೊಳಿಸುತ್ತಾ ಹೋಗುವ ಪರೀಕ್ಷೆಯಲ್ಲಿ ಅಷ್ಟು ಏರುಪೇರು ಮಾಮೂಲಿ.

ಸಹಾಯಕ ಔಷಧದ ಕಲ್ಪನೆ ಹೊಸದೇನಲ್ಲ. ಅಮಾಕ್ಸಿಸಿಲಿನ್ ಜೊತೆ ಬರುವ ಕ್ಲಾವುಲನಿಕ್ ಆಮ್ಲ ಮಾಡುವುದೂ ಇಂಥದೇ ಕಾವಲು, ಬ್ಯಾಕ್ಟೀರಿಯಾದ ಕಿಣ್ವ ಅಮಾಕ್ಸಿಸಿಲಿನ್ನನ್ನು ಒಡೆಯದಂತೆ ತಡೆಯುವುದು; ಆದರೆ ಅದು ಸಿಕ್ಕಿದ್ದು ಗಿಡದಿಂದಲ್ಲ, ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ. ಬ್ಯಾಕ್ಟೀರಿಯಾದ ಪಂಪ್ ತಡೆಯುವ ಸಸ್ಯ ಸಂಯುಕ್ತವೊಂದೂ ಹೀಗೆ ಆಸ್ಪತ್ರೆ ಮುಟ್ಟಿಲ್ಲ. ಸರ್ಪಗಂಧದ ರಿಸರ್ಪಿನ್ ನೋರ್‌ಎಯನ್ನು ತಡೆಯುತ್ತದೆ, ಆದರೆ ಅದಕ್ಕೆ ಬೇಕಾದ ಪ್ರಮಾಣದಲ್ಲಿ ರೋಗಿಯ ನರಮಂಡಲಕ್ಕೇ ಅಪಾಯ. ಬರ್ಬೆರಿನ್ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ; ನಮ್ಮ ಕರುಳಿನ ಪಿ-ಗ್ಲೈಕೊಪ್ರೋಟೀನ್ ಕೂಡ ಒಂದು ಪಂಪ್, ಅದೂ ಬರ್ಬೆರಿನ್ನನ್ನು ಹೊರದೂಡುತ್ತದೆ. ಕಷಾಯ ಕುಡಿದು ಎಂಆರ್‌ಎಸ್‌ಎ (ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದ ಸ್ಟಫೈಲೊಕಾಕಸ್ ಆರಿಯಸ್) ಸೋಂಕು ಗುಣಪಡಿಸಬಹುದು ಎಂಬ ಮಾತಿಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಪರೀಕ್ಷೆಯಲ್ಲಿ ಕೇಳಬಹುದಾದ ಒಂದು ಅಂಶ: ಎಂಆರ್‌ಎಸ್‌ಎಯ ಮೆಥಿಸಿಲಿನ್ ನಿರೋಧಕತೆ ಬರುವುದು ಸಾಮಾನ್ಯವಾಗಿ ಮೆಕ್‌ಎ ಜೀನ್ ಕೊಡುವ ಪಿಬಿಪಿ2ಎ ಪ್ರೋಟೀನಿನಿಂದ. ನೋರ್‌ಎ ನಿಲ್ಲಿಸಿದ ಮಾತ್ರಕ್ಕೆ ಅದು ಹೋಗದು. ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡುವವರು ನೋರ್‌ಎ ಜೀನ್ ತೆಗೆದ ತಳಿಯನ್ನೂ ಜೊತೆಗಿಡಿ. ಆ ತಳಿಯಲ್ಲೂ ನಿಮ್ಮ ಸಂಯುಕ್ತ ಅಷ್ಟೇ ಪಟ್ಟು ನೆರವು ಕೊಟ್ಟರೆ, ಅದರ ಕೆಲಸ ನಡೆಯುತ್ತಿರುವುದು ನೋರ್‌ಎ ಮೇಲಲ್ಲ, ಬೇರೆಲ್ಲೋ.