ಸೆಕೆಂಡಿಗೊಂದು ಬಿಂದಿಗೆ ಗಾಳಿ

ದಾವಣಗೆರೆಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಏಪ್ರಿಲ್, ಮೇ ಎಂದರೆ ಸುಗ್ಗಿ. ಹಗಲೆಲ್ಲ ಎಡಿಟಿಂಗ್. ರಾತ್ರಿ ಊಟ ಆದ ಮೇಲೆ ಕಂಪ್ಯೂಟರನ್ನು ರೆಂಡರಿಂಗಿಗೆ ಬಿಟ್ಟು ಮಲಗುವುದು. ಬೆಳಿಗ್ಗೆ ಎದ್ದಾಗ ಧಾರೆ, ಆರತಕ್ಷತೆ ಎಲ್ಲ ಫೈಲ್ ಆಗಿ ರೆಡಿ ಇರಬೇಕು. ಹೋದ ವರ್ಷ ಒಂದು ರಾತ್ರಿ ಹನ್ನೊಂದೂವರೆಗೆ ಪಕ್ಕದ ಕೋಣೆಯಿಂದ ಅಮ್ಮನ ದನಿ ಬಂತು. "ಈ ಹೊತ್ನಾಗೆ ಮಿಕ್ಸಿ ಯಾರೋ ಹಾಕಿರೋದು?"

ಯಾರೂ ಹಾಕಿರಲಿಲ್ಲ. ಅದು ನನ್ನ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳ ಸಪ್ಪಳ. ಕಂಪ್ಯೂಟರಿನೊಳಗೆ ಚಿತ್ರ, ವಿಡಿಯೊ ಕೆಲಸ ನೋಡಿಕೊಳ್ಳುವ ಕಾರ್ಡು ಅದು.

ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಕಾರ್ಡು. ಪೂರ್ತಿ ಕೆಲಸ ಕೊಟ್ಟರೆ 120 ವ್ಯಾಟ್ ತಿನ್ನುತ್ತದೆ. ತಿಂದದ್ದೆಲ್ಲ ಕೊನೆಗೆ ಶಾಖವೇ. ಇಂಥ ಕಾರ್ಡಿನ ಚಿಪ್ಪು ಬರೀ 2 ಚದರ ಸೆಂಟಿಮೀಟರ್ ಆಸುಪಾಸು ಇರುತ್ತದೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. 120 ವ್ಯಾಟಿನ ಬಹುಪಾಲು ಅಲ್ಲೇ ಹುಟ್ಟುವುದು. ಎಂದರೆ ಚದರ ಸೆಂಟಿಮೀಟರಿಗೆ 40-50 ವ್ಯಾಟ್. ಇಸ್ತ್ರಿ ಪೆಟ್ಟಿಗೆಗೆ ಹೋಲಿಸಿ ನೋಡಿ. 1000 ವ್ಯಾಟಿನ ಪೆಟ್ಟಿಗೆಯ ತಳದಲ್ಲಿ ಚದರ ಸೆಂಟಿಮೀಟರಿಗೆ ಸಿಗುವುದು ಐದಾರು ವ್ಯಾಟ್ ಅಷ್ಟೇ. ಚಿಪ್ಪು ಅದರ ಏಳೆಂಟು ಪಟ್ಟು ಉರಿಯಬೇಕು, ಆದರೂ 80 ಡಿಗ್ರಿ ದಾಟಬಾರದು. ದಾಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಜನವರಿಯಲ್ಲಿ ಇದೇ ಕಾರ್ಡು ಇಷ್ಟು ಗಲಾಟೆ ಮಾಡಿರಲಿಲ್ಲ. ಆಗ ನನ್ನ ಕೋಣೆ 26 ಡಿಗ್ರಿ ಇರುತ್ತದೆ. ಚಿಪ್ಪಿಗೂ ಗಾಳಿಗೂ ನಡುವೆ 54 ಡಿಗ್ರಿ ಅಂತರ. ಶಾಖಕ್ಕೆ ಇಳಿಜಾರು ಸಿಕ್ಕ ಹಾಗೆ, ತಾನಾಗಿ ಹರಿದು ಹೋಗುತ್ತದೆ. ಏಪ್ರಿಲ್‌ನಲ್ಲಿ ಕೋಣೆಯೇ 38. ಉಳಿದ ಅಂತರ 42. ಇಳಿಜಾರು ತಗ್ಗಿದಷ್ಟೂ ಫ್ಯಾನು ಜೋರಾಗಿ ನೂಕಬೇಕು.

ಎಷ್ಟು ಗಾಳಿ ಬೇಕು ಅನ್ನುವುದನ್ನು ಲೆಕ್ಕ ಹಾಕಬಹುದು. ಹಾದು ಹೋಗುವ ಗಾಳಿ 10 ಡಿಗ್ರಿ ಬಿಸಿಯಾದರೆ ಸಾಕು ಎಂದುಕೊಂಡರೆ, 120 ವ್ಯಾಟ್ ಹೊತ್ತೊಯ್ಯಲು ಸೆಕೆಂಡಿಗೆ ಸುಮಾರು 10 ಲೀಟರ್ ಗಾಳಿ ಬೇಕು. ಹೆಚ್ಚು ಕಡಿಮೆ ಒಂದು ಬಿಂದಿಗೆ. ಇದು ದೊಡ್ಡ ಮೊತ್ತವೇನಲ್ಲ. ಗೋಡೆಗೆ ಹಾಕುವ ಎಕ್ಸಾಸ್ಟ್ ಫ್ಯಾನಿಗೆ ಇದು ಯಾವ ಲೆಕ್ಕ? ಗಲಾಟೆ ಬರುವುದು ಆ ಬಿಂದಿಗೆ ಗಾಳಿಯನ್ನು ಚಿಕ್ಕ ಸಂದಿಯಲ್ಲಿ ಅವಸರವಾಗಿ ತುರುಕುವುದರಿಂದ.

ನನ್ನ ಕಾರ್ಡಿನಲ್ಲಿದ್ದದ್ದು 80 ಮಿ.ಮೀ. ಅಗಲದ ಎರಡು ಫ್ಯಾನು. ನಿಮಿಷಕ್ಕೆ 3000 ಸುತ್ತು ತಿರುಗಿದರೆ ರೆಕ್ಕೆಯ ತುದಿ ಸೆಕೆಂಡಿಗೆ 12 ಮೀಟರಿಗೂ ಜಾಸ್ತಿ ಓಡುತ್ತದೆ. ಫ್ಯಾನಿನ ಗಾಳಿ ಸದ್ದು ಸರಿಸುಮಾರು ವೇಗದ ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧ ಮಾಡಿದರೆ ಸದ್ದಿನ ಶಕ್ತಿ 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಡೆಸಿಬೆಲ್ ಲೆಕ್ಕದಲ್ಲಿ 15 ಕಡಿಮೆ. 10 ಡೆಸಿಬೆಲ್ ಕಡಿಮೆಯಾದರೆ ಕಿವಿಗೆ ಸದ್ದು ಅರ್ಧ ಆದಂತೆ ಅನ್ನಿಸುತ್ತದೆ. ಇನ್ನೊಂದು ಅಂಥದ್ದೇ ಫ್ಯಾನು ಪಕ್ಕದಲ್ಲಿ ಸೇರಿಸಿದರೆ ಏರುವುದು ಬರೀ 3 ಡೆಸಿಬೆಲ್. ಹಾಗಾಗಿ ಜೋರಾಗಿ ತಿರುಗುವ ಒಂದಕ್ಕಿಂತ ನಿಧಾನವಾಗಿ ತಿರುಗುವ ಎರಡು ಯಾವತ್ತೂ ಲಾಭ.

ಅಗಲ ಹೆಚ್ಚಿಸಿದರೆ ಇನ್ನೂ ಲಾಭ. ಒಂದೇ ಆಕಾರದ ಫ್ಯಾನುಗಳಲ್ಲಿ ಗಾಳಿಯ ಪ್ರಮಾಣ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. 80ರ ಬದಲು 120 ಮಿ.ಮೀ. ಫ್ಯಾನು ಹಾಕಿದರೆ, 3000 ಸುತ್ತಿನಲ್ಲಿ ಬರುತ್ತಿದ್ದ ಗಾಳಿ 900 ಸುತ್ತಿಗೇ ಬರುತ್ತದೆ! ಸದ್ದಿನ ಗುಣವೂ ಬದಲಾಗುತ್ತದೆ. ಹನ್ನೊಂದು ರೆಕ್ಕೆಯ ಫ್ಯಾನು 3000 ಸುತ್ತು ತಿರುಗಿದರೆ ಸೆಕೆಂಡಿಗೆ 550 ಸಲ ರೆಕ್ಕೆ ಹಾಯುತ್ತದೆ. ಅದು ಶ್ರುತಿ ಹಿಡಿದ ಹಾಗೆ ಒಂದೇ ಸ್ವರದಲ್ಲಿ ಕೊರೆಯುತ್ತದೆ. ಏಳು ರೆಕ್ಕೆಯ ದೊಡ್ಡ ಫ್ಯಾನು 900 ಸುತ್ತಿನಲ್ಲಿ 105 ಸಲ. ಅಷ್ಟು ತಗ್ಗಿನ ದನಿಗೆ ನಮ್ಮ ಕಿವಿ ಅಷ್ಟಾಗಿ ಕಿವಿಗೊಡುವುದಿಲ್ಲ.

ಇಲ್ಲಿ ಒಂದು ಮಾತು. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಎಷ್ಟು ನಿಧಾನ ಅನ್ನಿಸುತ್ತದೆ. ಅದನ್ನು ನೋಡಿ ಮೋಸ ಹೋಗಬೇಡಿ. 80 ಮೀಟರ್ ಅಗಲದ ಯಂತ್ರ ನಿಮಿಷಕ್ಕೆ 15 ಸುತ್ತು ಹಾಕಿದರೂ ಅದರ ರೆಕ್ಕೆ ತುದಿ ಗಂಟೆಗೆ 220 ಕಿ.ಮೀ.ಗೂ ಜಾಸ್ತಿ ವೇಗದಲ್ಲಿರುತ್ತದೆ. ಸದ್ದಿಗೆ ಮುಖ್ಯ ತುದಿಯ ವೇಗ, ಸುತ್ತಿನ ಲೆಕ್ಕ ಅಲ್ಲ. ನನ್ನ 120 ಮಿ.ಮೀ. ಫ್ಯಾನಿನ ತುದಿ ಈಗ ಸೆಕೆಂಡಿಗೆ 6 ಮೀಟರ್ ಕೂಡ ಓಡುವುದಿಲ್ಲ.

ಹಾಗಾದರೆ ಹಳೇ ಫ್ಯಾನು ಕಿತ್ತು ದೊಡ್ಡದನ್ನು ಕೇಬಲ್ ಟೈ ಹಾಕಿ ಕಟ್ಟಿದರೆ ಆಯ್ತಲ್ವಾ? ನಾನೂ ಮೊದಲು ಅದನ್ನೇ ಮಾಡಿದ್ದು. ಸಪ್ಪಳ ತಗ್ಗಿತು, ಬಿಸಿ ಅಂದುಕೊಂಡಷ್ಟು ತಗ್ಗಲಿಲ್ಲ. ನಿಧಾನದ ಫ್ಯಾನಿಗೆ ಗಾಳಿ ಇದೆ, ಒತ್ತಡ ಇಲ್ಲ. 900 ಸುತ್ತಿನ ಆ ಫ್ಯಾನಿನ ಒತ್ತಡ ಹಳೆಯದರ ಐದರಲ್ಲಿ ಒಂದು ಪಾಲು ಮಾತ್ರ. ಚಿಪ್ಪಿನ ಶಾಖ ಹೀರಿ ಗಾಳಿಗೆ ಬಿಡುವ ಹೀಟ್‌ಸಿಂಕಿನಲ್ಲಿ ಅಲ್ಯೂಮಿನಿಯಂ ತಗಡುಗಳು ಹಲ್ಲಣಿಗೆ ಹಾಗೆ ಒತ್ತೊತ್ತಾಗಿದ್ದವು. ಸಂದಿಯಲ್ಲಿ ಧೂಳು ಬೇರೆ, ಕೌದಿ ಹೊದ್ದ ಹಾಗೆ. ಗಾಳಿ ಒಳಗೆ ನುಗ್ಗದೆ ಪಕ್ಕಕ್ಕೆ ಜಾರುತ್ತಿತ್ತು. ನಿಧಾನದ ಗಾಳಿಗೆ ತಗಡುಗಳ ನಡುವೆ ಜಾಗ ಬೇಕು. ಜಾಗ ಬಿಟ್ಟರೆ ತಗಡುಗಳ ಸಂಖ್ಯೆ ಕಡಿಮೆಯಾಗುತ್ತದೆ, ಅದನ್ನು ತುಂಬಲು ಇಡೀ ಹೀಟ್‌ಸಿಂಕೇ ದೊಡ್ಡದಾಗಬೇಕು. ಬೇರೆ ಕಂಪನಿಗಳು ಮಾರುವ ಕೂಲರುಗಳು, ಎಂದರೆ ಹೀಟ್‌ಸಿಂಕ್ ಮತ್ತು ಫ್ಯಾನು ಸೇರಿದ ಜೋಡಿ, ಇಟ್ಟಿಗೆಯಷ್ಟು ದಪ್ಪ ಇರುವುದು ಇದಕ್ಕೇ.

ಅಷ್ಟು ದೊಡ್ಡ ಹೀಟ್‌ಸಿಂಕಿನ ಮೂಲೆ ಮೂಲೆಗೂ ಉಗುರಗಲದ ಚಿಪ್ಪಿನ ಶಾಖ ತಲುಪಬೇಕಲ್ಲ. ಆ ಕೆಲಸ ಹೀಟ್ ಪೈಪಿನದು. ನೋಡಲು ಬಗ್ಗಿಸಿದ ತಾಮ್ರದ ಕೊಳವೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಂಚಿನ ಮುಂದೆ ನಿಂತು ನೋಡಿ. ಹಿಟ್ಟು ಹಾಕುವ ಮೊದಲು ಭಟ್ಟರು ಒಂದಿಷ್ಟು ನೀರು ಚಿಮುಕಿಸುತ್ತಾರೆ. ಚುಂಯ್ ಎಂದು ಆವಿ ಏಳುತ್ತದೆ, ಹಂಚಿನ ಕಾವು ಒಂದು ಹದಕ್ಕೆ ಬರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2260 ಜೂಲ್ ಶಾಖ ಬೇಕು. ಅದೇ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದದ್ದು 420 ಜೂಲ್. ಆವಿ ಅಷ್ಟೊಂದು ಶಾಖವನ್ನು ಹೊತ್ತು ಹೋಗುತ್ತದೆ. ಹೀಟ್ ಪೈಪಿನ ಒಳಗೂ ಚೂರು ನೀರಿರುತ್ತದೆ. ಗಾಳಿ ಹೀರಿ ತೆಗೆದು ಬಾಯಿ ಮುಚ್ಚಿರುವುದರಿಂದ ಅದು 40-50 ಡಿಗ್ರಿಯಲ್ಲೇ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ, ಅಲ್ಲಿ ನೀರಾಗಿ, ಶಾಖವನ್ನು ತಗಡುಗಳಿಗೆ ಕೊಡುತ್ತದೆ. ಒಳಗೋಡೆಗೆ ಅಂಟಿದ ತಾಮ್ರದ ಪುಡಿಯ ಪದರ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ನೀರನ್ನು ವಾಪಸ್ ಎಳೆದು ತರುತ್ತದೆ. ಪಂಪಿಲ್ಲ, ಸದ್ದಿಲ್ಲ. ಅಮೆರಿಕದ ಗಾಗ್ಲರ್ ಎಂಬುವರಿಗೆ 1944ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು, ಯಾರೂ ಅಷ್ಟು ಗಮನಿಸಲಿಲ್ಲ. 1963ರಲ್ಲಿ ಅಲ್ಲಿನ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಅದನ್ನೇ ತಾವಾಗಿ ಮತ್ತೆ ಕಂಡುಕೊಂಡರು. ಆಮೇಲೆ ಅದು ಬಾಹ್ಯಾಕಾಶಕ್ಕೂ ಹೋಯಿತು, ಲ್ಯಾಪ್‌ಟಾಪಿನೊಳಗೂ ಬಂತು.

ಗ್ರಾಫಿಕ್ಸ್ ಕಾರ್ಡಿನ ಗಲಾಟೆ ಹೊಸದೇನಲ್ಲ ಬಿಡಿ. 2003ರಲ್ಲಿ ಬಂದ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾಗೆ ಜನ ಡಸ್ಟ್‌ಬಸ್ಟರ್ ಎಂದೇ ಹೆಸರಿಟ್ಟಿದ್ದರು, ಧೂಳು ಹೀರುವ ಯಂತ್ರದ ಹೆಸರು. ಕಂಪನಿಯವರೇ ತಮ್ಮನ್ನು ಗೇಲಿ ಮಾಡಿಕೊಂಡು ಒಂದು ವಿಡಿಯೊ ಮಾಡಿದ್ದರು.

ನಾನು ಅಂಥದ್ದೊಂದು ದೊಡ್ಡ ಕೂಲರ್ ಆನ್‌ಲೈನ್‌ನಲ್ಲಿ ತರಿಸಿದೆ. ಚಿಪ್ಪಿನ ಸುತ್ತಲಿನ ನಾಲ್ಕು ತೂತುಗಳ ಅಂತರ ಅಳೆದೇ ಆರ್ಡರ್ ಮಾಡಬೇಕು. ವಾರಂಟಿ ಇರುವ ಕಾರ್ಡಾದರೆ ಈ ಸಾಹಸ ಬೇಡ. ಹಳೇ ಹೀಟ್‌ಸಿಂಕ್ ಎತ್ತಿದರೆ ಚಿಪ್ಪಿಗೂ ಅದಕ್ಕೂ ನಡುವೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಒಣಗಿ ವಿಭೂತಿ ಹಾಗೆ ಉದುರಿತು. ಕಣ್ಣಿಗೆ ಎಷ್ಟೇ ನುಣ್ಣಗೆ ಕಂಡರೂ ಎರಡು ಲೋಹಗಳು ಕೂತಾಗ ಮುಟ್ಟುವುದು ಅಲ್ಲಲ್ಲಿ ಮಾತ್ರ. ಉಳಿದ ಕಡೆ ಗಾಳಿ. ಶಾಖ ಸಾಗಿಸುವ ಲೆಕ್ಕದಲ್ಲಿ ತಾಮ್ರಕ್ಕೆ 400 ಅಂಕ ಕೊಟ್ಟರೆ ಗಾಳಿಗೆ 0.026. ಪೇಸ್ಟಿಗೆ ಐದೋ ಎಂಟೋ. ಎಂದರೆ ಪೇಸ್ಟ್ ಕೂಡ ದೊಡ್ಡ ಜಾಣನೇನಲ್ಲ, ಗಾಳಿಗಿಂತ ವಾಸಿ ಅಷ್ಟೇ. ಚಿಪ್ಪಿನ ಮೂಲೆವರೆಗೂ ತೆಳುವಾಗಿ ಹರಡಿದರೆ ಸಾಕು. ದಾವಣಗೆರೆಯವರು ದೋಸೆಗೆ ಬೆಣ್ಣೆ ಹಾಕಿದ ಹಾಗೆ ಹಾಕಬಾರದು.

ತಪ್ಪು ಆದದ್ದು ಬೇರೆ ಕಡೆ. ಹಳೇ ಫ್ಯಾನುಗಳು ಪಕ್ಕದ ಮೆಮೊರಿ ಚಿಪ್ಪುಗಳನ್ನೂ ವೋಲ್ಟೇಜ್ ಇಳಿಸುವ ಭಾಗವನ್ನೂ ತಣ್ಣಗಿಡುತ್ತಿದ್ದವು. ಹೊಸ ಕೂಲರ್ ಜೊತೆ ಅವಕ್ಕೆ ಅಂಟಿಸಲು ಸಕ್ಕರೆ ಅಚ್ಚಿನಷ್ಟಿನ ಹೀಟ್‌ಸಿಂಕುಗಳು ಬಂದಿದ್ದವು. ಮೇಲ್ಮೈಯನ್ನು ಆಲ್ಕೋಹಾಲಿನಲ್ಲಿ ಸರಿಯಾಗಿ ಒರೆಸದೆ ಅವಸರದಲ್ಲಿ ಅಂಟಿಸಿದೆ. ಮೂರನೇ ದಿನ ಕ್ಯಾಬಿನೆಟ್ ಒಳಗೆ ಟಣ್ ಎಂದಿತು. ಕಾರ್ಡು ತಲೆಕೆಳಗಾಗಿ ಕೂತಿರುತ್ತದಲ್ಲ, ಒಂದು ತುಂಡು ಕಳಚಿ ತಳಕ್ಕೆ ಬಿದ್ದಿತ್ತು. ಮದರ್‌ಬೋರ್ಡಿನ ಮೇಲೆ ಅಡ್ಡ ಬಿದ್ದಿದ್ದರೆ ಶಾರ್ಟ್ ಆಗುತ್ತಿತ್ತು. ಕಾರ್ಡು ಕೂಲರಿನ ಭಾರಕ್ಕೆ ಜೋತಿತ್ತು ಬೇರೆ. ಹಳೇ ಕೇರಂ ಪಾನುಗಳನ್ನು ಪೇರಿಸಿ ಆನಿಕೆ ಕೊಟ್ಟಿದ್ದೇನೆ, ಇನ್ನೂ ಅದೇ ಇದೆ.

ಇಷ್ಟೆಲ್ಲ ಆದ ಮೇಲೆ, ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ಬಂದಳು. "ಚಿಕ್ಕಪ್ಪ, ವೋಲ್ಟೇಜ್ ಇಳಿಸಿದ್ದೀರಾ?" ಇಳಿಸಿರಲಿಲ್ಲ. ಚಿಪ್ಪು ತಿನ್ನುವ ವಿದ್ಯುತ್ತು ಬಹುಮಟ್ಟಿಗೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ ಹಾಗೇ ಇಟ್ಟು 1.05 ವೋಲ್ಟನ್ನು 0.9ಕ್ಕೆ ಇಳಿಸಿದರೆ ಆ ಪಾಲಿನಲ್ಲಿ ಕಾಲು ಭಾಗದಷ್ಟು ಉಳಿತಾಯ. ಕಾರ್ಖಾನೆಯವರು ಎಲ್ಲ ಚಿಪ್ಪಿಗೂ ಆಗಲಿ ಎಂದು ವೋಲ್ಟೇಜ್ ಸ್ವಲ್ಪ ಧಾರಾಳವಾಗೇ ಕೊಟ್ಟಿರುತ್ತಾರೆ. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಕಂಪ್ಯೂಟರ್ ಹ್ಯಾಂಗ್ ಆಗುವ ಹಂತಕ್ಕಿಂತ ಮೇಲೆ ನಿಲ್ಲಬೇಕು. ಸ್ಕ್ರೂ ಡ್ರೈವರ್ ಬೇಡ, ಖರ್ಚಿಲ್ಲ. ನೀವು ಇದನ್ನೇ ಮೊದಲು ಮಾಡಿ. ನನಗೆ ಯಾರೂ ಹೇಳಿರಲಿಲ್ಲ.

ಈಗ ಫ್ಯಾನು 900 ಸುತ್ತಿನಲ್ಲಿ, ಚಿಪ್ಪು 70ರ ಒಳಗೆ. ಕೋಣೆ ಮಾತ್ರ ಈಗಲೂ ಬಿಸಿಯೇ. ಶಾಖ ಎಲ್ಲಿಗೂ ಹೋಗಿಲ್ಲ, ಸದ್ದು ಮಾಡದೆ ಹೊರಗೆ ಬರುತ್ತಿದೆ. ರಾತ್ರಿ ಕಿಟಕಿ ತೆಗೆದಿಟ್ಟೇ ಮಲಗುವುದು.

ಸಪ್ಪಳ ನಿಂತ ಖುಷಿಯಲ್ಲಿ ಅಣ್ಣನ ಮಗಳಿಗೆ ಒಂದು ಗೇಮ್ ಹಾಕಿ ಕೊಟ್ಟೆ. ಅವಳು ಕಿವಿ ಕ್ಯಾಬಿನೆಟ್ ಹತ್ತಿರ ತಂದು, "ಸೊಳ್ಳೆ ಹಾಗೆ ಕೀಂ ಅಂತಿದೆ, ಕೇಳ್ತಿಲ್ವಾ?" ಅಂದಳು. ನನಗೆ ಕೇಳಲಿಲ್ಲ. ಅದು ಕಾರ್ಡಿನ ಮೇಲಿನ ತಾಮ್ರದ ಸುರುಳಿಗಳು ಕರೆಂಟಿನ ಏರಿಳಿತಕ್ಕೆ ನಡುಗುವ ಸದ್ದು. ಮೊದಲೂ ಇತ್ತು, ಫ್ಯಾನಿನ ಅಬ್ಬರದಲ್ಲಿ ಮುಚ್ಚಿಹೋಗಿತ್ತು. ಯಾವ ಕೂಲರೂ ಇದನ್ನು ನಿಲ್ಲಿಸುವುದಿಲ್ಲ. ಗೇಮಿನ ಮೆನುವಿನಲ್ಲಿ ಕಾರ್ಡು ಸುಮ್ನೆ ಸೆಕೆಂಡಿಗೆ ನೂರಾರು ಚಿತ್ರ ಬಿಡಿಸುತ್ತಿರುತ್ತದೆ, ಆಗ ಈ ಸದ್ದು ಜಾಸ್ತಿ. ಸೆಟ್ಟಿಂಗಿಗೆ ಹೋಗಿ 60ಕ್ಕೆ ಕಟ್ಟಿಹಾಕಿದೆ. ವಯಸ್ಸಾದ ಹಾಗೆ ಮೇಲಿನ ಸ್ವರಗಳು ಮೊದಲು ಕಿವಿಯಿಂದ ಜಾರುತ್ತವೆ, ನನಗೀಗ ನಲವತ್ತೇಳು. ಸದ್ದು ನಿಂತಿತಾ ಎಂದು ಅವಳನ್ನೇ ಕೇಳಬೇಕಾಯಿತು.

"ಕಮ್ಮಿ ಆಯ್ತು" ಅಂದಳು.