ಮೊಮ್ಮಗುವಿಗೆ ಬರೆಯುವ ಮುನ್ನ

ಕಾಫಿ, ಮೆಣಸಿನ ದುಡ್ಡು ಕೈಸೇರುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರದ ಕಡೆ ಅಜ್ಜ-ಅಜ್ಜಿಯರಿಗೆ ಬೆಂಗಳೂರಿನಲ್ಲಿರುವ ಮೊಮ್ಮಕ್ಕಳ ಹೆಸರಿಗೆ ಏನಾದರೂ ದೊಡ್ಡದು ಮಾಡಿಡುವ ಆಸೆ. ಒಳ್ಳೆಯ ಆಸೆಯೇ. ಆದರೆ ಮಗುವಿಗೆ 18 ತುಂಬುವವರೆಗೆ ಅದು ಯಾರ ಹೆಸರಲ್ಲಿ, ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ.

ಹೆಚ್ಚು ತೊಡಕಾಗುವುದು ತೋಟದ ವಿಷಯದಲ್ಲಿ. ಎರಡು ಎಕರೆಯನ್ನು ಮೂರು ವರ್ಷದ ಮಗುವಿಗೆ ದಾನಪತ್ರ ಬರೆದು ನೋಂದಾಯಿಸಿದರೆ, ಅದು ಮಗುವಿನ ಸ್ವಂತ ಆಸ್ತಿ. ಆಮೇಲೆ ಅದನ್ನು ಮಾರಲು, ಅಡವಿಡಲು, ಐದು ವರ್ಷಕ್ಕಿಂತ ಹೆಚ್ಚು ಕಾಲ ಗುತ್ತಿಗೆಗೆ ಕೊಡಲು ಹೆತ್ತವರಿಗೂ ನ್ಯಾಯಾಲಯದ ಅನುಮತಿ ಬೇಕು. ಹಿಂದೂ ಕುಟುಂಬಗಳಿಗೆ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಂ ಹೇಳುವುದು ಇದನ್ನೇ. ಕಾಂಡ ಕೊರೆಯುವ ಬೋರರ್ ಹುಳು ಹತ್ತಿ ಅರೇಬಿಕಾ ಕಾಫಿ ಗಿಡ ಕಿತ್ತು ಮರುನಾಟಿ ಮಾಡಬೇಕಾದ ವರ್ಷ ಆ ಜಾಗದ ಮೇಲೆ ಸಾಲ ಎತ್ತಲು ಹೋದರೆ, ಬ್ಯಾಂಕಿನವರು ಮೊದಲು ಕೇಳುವುದು ನ್ಯಾಯಾಲಯದ ಆ ಅನುಮತಿ ಆದೇಶವನ್ನು. ಮನಸ್ಸು ಬದಲಾಯಿತೆಂದು ದಾನವನ್ನು ವಾಪಸು ಪಡೆಯಲೂ ಆಗದು. ಇಂಥ ಕಡೆ ಉಯಿಲೇ ಮೇಲು. ಇಬ್ಬರು ಸಾಕ್ಷಿಗಳ ಸಹಿ ಇರಲಿ, ನೋಂದಣಿಯೂ ಆಗಲಿ. ಬದುಕಿರುವಷ್ಟು ಕಾಲ ಅದನ್ನು ತಿದ್ದಬಹುದು.

ದುಡ್ಡಿನ ಲೆಕ್ಕ ಬೇರೆ. ಅಜ್ಜ ಮೊಮ್ಮಗುವಿಗೆ ಎಷ್ಟು ಕೊಟ್ಟರೂ ಆ ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ. ತೆರಿಗೆ ಬೀಳುವುದು ಅದರಿಂದ ಬರುವ ಬಡ್ಡಿಗೆ. ಮಗುವಿನ ಹೆಸರಲ್ಲಿ 5 ಲಕ್ಷದ ಠೇವಣಿ ಶೇ. 7ರಂತೆ ವರ್ಷಕ್ಕೆ 35,000 ರೂಪಾಯಿ ತಂದರೆ, ಅದು ಅಪ್ಪ-ಅಮ್ಮಂದಿರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ಅವರು ಶೇ. 30ರ ಹಂತದಲ್ಲಿದ್ದರೆ ಸೆಸ್ ಸೇರಿ ಸುಮಾರು 10,900 ರೂಪಾಯಿ ತೆರಿಗೆ. ಅಜ್ಜನ ಆದಾಯ ತೆರಿಗೆ ಮಿತಿಯೊಳಗಿದ್ದರೆ ಠೇವಣಿ ಅವರ ಹೆಸರಲ್ಲೇ ಇರಲಿ, ಹಿರಿಯ ನಾಗರಿಕರ ಹೆಚ್ಚುವರಿ ಬಡ್ಡಿಯೂ ಸಿಗುತ್ತದೆ. ಮಗುವನ್ನು ನಾಮಿನಿ ಮಾಡಿದರೆ ಹಣ ಪಡೆಯಲು ಒಬ್ಬ ವಯಸ್ಕರ ಹೆಸರನ್ನೂ ಅದೇ ಫಾರಂನಲ್ಲಿ ಬರೆಸಿ. ನಾಮಿನಿ ಎಂದ ಮಾತ್ರಕ್ಕೆ ಮಾಲೀಕರಲ್ಲ, ಹಾಗಾಗಿ ಉಯಿಲಿನಲ್ಲೂ ಆ ಠೇವಣಿಯ ಪ್ರಸ್ತಾಪ ಇರಬೇಕು. ಇದನ್ನು ಮರೆತು ಅಣ್ಣತಮ್ಮಂದಿರ ಮನಸ್ಸು ಮುರಿಯುವುದುಂಟು.

ಹೆಣ್ಣುಮಗುವಾದರೆ ಸುಕನ್ಯಾ ಸಮೃದ್ಧಿ ಉಳಿತಾಯ ಯೋಜನೆ ನನ್ನ ಮೊದಲ ಆಯ್ಕೆ, ಬಡ್ಡಿಗೆ ತೆರಿಗೆಯೇ ಇಲ್ಲ. ಮಗುವಿಗೆ 10 ತುಂಬುವ ಮೊದಲು ಖಾತೆ ತೆರೆಯಬೇಕು. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ, 15 ವರ್ಷ ಕಟ್ಟಬಹುದು. ಹೆತ್ತವರಿರುವಾಗ ಅಜ್ಜ-ಅಜ್ಜಿ ತೆರೆಯುವಂತಿಲ್ಲ. ಅಂಚೆ ಕಚೇರಿಯಲ್ಲಿ ಮಗಳೋ ಸೊಸೆಯೋ ಖಾತೆ ತೆರೆಯಲಿ, ನೀವು ಚೆಕ್ ಕೊಡಿ.

ಚೆಕ್ಕೇ ಯಾಕೆಂದರೆ, ಒಂದೇ ದಿನ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಉಡುಗೊರೆ ಎಂದರೂ ವಿನಾಯಿತಿ ಇಲ್ಲ.

ಚಿನ್ನವೇ ಬೇಕೆನ್ನುವವರು ಕಲ್ಲು ಕೂರಿಸಿದ್ದನ್ನು ಬಿಡಿ. ಮಗು ಬೆಳೆದ ಮೇಲೆ ಸರ ಬದಲಿಸಲು ಹೋದಾಗ ಕಲ್ಲಿನ ತೂಕ, ಮಜೂರಿ, ಶೇ. 3ರ ಜಿಎಸ್‌ಟಿ ಮೂರೂ ಹೋಗುತ್ತವೆ. ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲೇ ನೋಡಿ, ಬಿಲ್ ಜೋಪಾನ ಮಾಡಿ.