ಕಿನ್ನಾಳದ ಗೊಂಬೆಗೆ ಎಂಥ ಮನೆ ಕಟ್ಟಬೇಕು?

ಕೊಪ್ಪಳದಲ್ಲಿ ದೊಡ್ಡದೊಂದು ಮ್ಯೂಸಿಯಂ, ಅದರ ಮಗ್ಗುಲಲ್ಲೇ ತೊಗಲುಗೊಂಬೆ ಆಟಕ್ಕೊಂದು ರಂಗಮಂದಿರ ಕಟ್ಟುತ್ತಾರೆ ಅಂತಿಟ್ಟುಕೊಳ್ಳಿ. ಮೊದಲ ನಕ್ಷೆ ಹೇಗಿರುತ್ತದೆ ಅಂತ ಈಗಲೇ ಹೇಳಬಹುದು. ಮುಂದೆಲ್ಲ ಗಾಜು, ಒಳಗೆಲ್ಲ ಎಸಿ. ನನಗಂತೂ ಇದು ಉಲ್ಟಾ ಕೆಲಸ ಅನ್ನಿಸುತ್ತದೆ. ಒಳಗೇನು ಇಡುತ್ತೀರಿ ಅಂತ ಕೇಳಿದ ಮೇಲಲ್ವಾ ಗೋಡೆ ಎಬ್ಬಿಸಬೇಕಾದ್ದು?

ಕೊಪ್ಪಳದ ಹತ್ತಿರದ ಕಿನ್ನಾಳ ಊರಿನ ಮರದ ಗೊಂಬೆಯನ್ನೇ ನೋಡಿ. ಒಳಗೆ ಹಗುರ ಮರ. ಅದರ ಮೇಲೆ ಗೋಣಿ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ. ಆಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಗಾಳಿಯಲ್ಲಿ ತೇವ ಹೆಚ್ಚಾದರೆ ಮರ ಉಬ್ಬುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಅದೂ ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಮೇಲಿನ ಲೇಪ ಮಾತ್ರ ಅಷ್ಟು ಜಗ್ಗುವುದಿಲ್ಲ. ಹೀಗೆ ಎಳೆದಾಡಿ ಎಳೆದಾಡಿ ಬಣ್ಣ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಹಾಗಾಗಿ ಹಗಲು ಎಸಿ ಓಡಿಸಿ ಸಂಜೆ ಬೀಗ ಹಾಕುವಾಗ ಆರಿಸಿದರೆ, ಎಸಿ ಇಲ್ಲದಿರುವುದಕ್ಕಿಂತ ಕೆಟ್ಟದ್ದಾಗಬಹುದು. ಒಂದೇ ದಿನದಲ್ಲಿ ತೇವ ಏರಿಳಿಯದಿರುವುದು ಮುಖ್ಯ.

ಇದಕ್ಕೆ ನಮ್ಮ ಹಳೇ ಮಾಳಿಗೆ ಮನೆಗಳಲ್ಲಿ ಅರ್ಧ ಉತ್ತರ ಇದೆ. ಕಲ್ಲು-ಮಣ್ಣಿನ ಒಂದೂವರೆ ಅಡಿ ಗೋಡೆ ದಾಟಿ ಮಧ್ಯಾಹ್ನದ ಕಾವು ಒಳಗೆ ಬರಲು ಸುಮಾರು 10 ಗಂಟೆ ಬೇಕು. ಅಷ್ಟೊತ್ತಿಗೆ ಹೊರಗೆ ರಾತ್ರಿ. ಗೊಂಬೆಗಳ ಕೋಣೆಯನ್ನು ನಡುವೆ ಇಟ್ಟು ಸುತ್ತ ಪಡಸಾಲೆ ಬಿಟ್ಟರೆ ಆ ಕೋಣೆಯ ಗೋಡೆಗೆ ಬಿಸಿಲೇ ತಾಗುವುದಿಲ್ಲ. ಎಸಿ ಬೇಕಾದರೂ ಚಿಕ್ಕದು ಸಾಕು, ಇಡೀ ದಿನ ಓಡಿಸಬಹುದು. ಶಾಲೆ ಮಕ್ಕಳ ಟೂರ್ ಬಂದಾಗಿನ ಲೆಕ್ಕ ಮರೆಯಬಾರದು: ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯೂ ಸುಮಾರು 100 ವಾಟ್ ಶಾಖ ಬಿಡುತ್ತದೆ.

ತೊಗಲುಗೊಂಬೆಯ ಕಷ್ಟ ಬೆಳಕಿನದು. ಬಣ್ಣ ಹಚ್ಚಿದ ತೊಗಲಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ದಾಟಿಸುವುದಿಲ್ಲ. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅಂದರೆ 50 ಲಕ್ಸ್‌ನಲ್ಲಿ 10 ಗಂಟೆ ಬೀಳುವಷ್ಟು ಬೆಳಕು ಬಿಸಿಲಲ್ಲಿ 18 ಸೆಕೆಂಡಿಗೇ ಬಿದ್ದಿರುತ್ತದೆ. ಮಾಸಿದ ಬಣ್ಣ ವಾಪಸ್ ಬರಲ್ಲ. ಗಾಜಿನ ಮುಂಭಾಗ ಬೇಡ ಅನ್ನುವುದು ಇದಕ್ಕೇ.

ಆದರೆ ಈ ಗೊಂಬೆ ಹುಟ್ಟಿದ್ದೇ ಪರದೆಯ ಹಿಂದಿನ ದೀಪಕ್ಕಾಗಿ! ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಗೊಂಬೆ ಆಡಿಸಿದ್ದಕ್ಕೆ, ಕೂಡಿಟ್ಟದ್ದಕ್ಕಲ್ಲ. ಅದಕ್ಕೇ ರಂಗಮಂದಿರ ಬೇಕು. ಹೊಸದಾಗಿ ಮಾಡಿಸಿದ ಗೊಂಬೆ ಅಲ್ಲಿ ಕುಣಿಯಲಿ. ಹಳೆಯವು ಕೆಲವು ತಿಂಗಳು ಗ್ಯಾಲರಿಯಲ್ಲಿದ್ದು ಮತ್ತೆ ಕತ್ತಲ ಕೋಣೆಗೆ ಹೋಗಲಿ. ನಕ್ಷೆ ಹಾಕುವಾಗ ಅಂಥ ದಾಸ್ತಾನು ಕೋಣೆಗೆ ಮೆಟ್ಟಿಲ ಕೆಳಗಿನ ಜಾಗ ಕೊಟ್ಟು ಕೈತೊಳೆದುಕೊಂಡರೆ ಆಗದು. ಹೀಗೆ ಸರದಿ ಮೇಲೆ ತೋರಿಸಿದರೆ ಯಾವತ್ತೂ ಹೊರಗಿಗಿಂತ ಒಳಗಿರುವ ಗೊಂಬೆಗಳೇ ಜಾಸ್ತಿ.